ಶೇವಂತಿ ಬ್ಯಾಕೆಂಡಿಗೆ ಹೋದದ್ದು

"ಶೇವಂತಿ ಆಂಟಿ, ನಾಳಿಂದ ನೀವು ಬ್ಯಾಕೆಂಡ್ ನೋಡ್ಕೋರಿ."

ಸೌಂದರ್ಯಾ ಇದನ್ನು ನಗುನಗುತ್ತಲೇ ಹೇಳಿದಳು. ಶೇವಂತಿಯ ಎರಡೂ ಕೈ ಹಿಟ್ಟಿನಲ್ಲಿದ್ದವು. ಜೋಳದ ಹಿಟ್ಟಿಗೆ ಎಸರು ಹೊಯ್ದು ಆಗಷ್ಟೇ ನಾದಲು ಕೂತಿದ್ದಳು. ಬ್ಯಾಕೆಂಡ್ ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಬಡ್ತಿ ಇರಬೇಕು ಅಂದುಕೊಂಡಳು. ಹೋದ ವಾರ ಜೊತೆಗೆ ರೊಟ್ಟಿ ಬಡಿಯುವ ಗುರುಬಸವ್ವನಿಗೆ ಟೀಮ್ ಲೀಡರ್ ಅಂದಿದ್ದರು, ಅದು ಬಡ್ತಿಯೇ ಆಗಿತ್ತು.

"ಆತ್ರೀ," ಅಂದಳು. ನಕ್ಕಳು ಕೂಡ.

ಮರುದಿನ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಬಂದಳು. ಒಲೆಯ ಮುಂದಿನ ಅವಳ ಮಣೆಯ ಮೇಲೆ ಬೇರೆ ಹೆಂಗಸು ಕೂತಿದ್ದಳು. ಸೌಂದರ್ಯಾ ಅವಳನ್ನು ಶೆಡ್ಡಿನ ಹಿಂಬಾಗಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ಜೋಳದ ಚೀಲಗಳಿದ್ದವು. ಹತ್ತಿಕಟಗಿಯ ಬಣವೆ ಇತ್ತು. ಬೂದಿ ಗುಡ್ಡೆ ಬಿದ್ದಿತ್ತು. ಗೋಡೆಗೆ ಒಂದು ಕಸಬರಿಗೆ ಒರಗಿತ್ತು.

"ಇದ ಆಂಟಿ ಬ್ಯಾಕೆಂಡ್. ನಮ್ಮ ಬ್ರ್ಯಾಂಡಿಗೆ ಬ್ಯಾಕ್‌ಬೋನ್ ಇದ್ದಂಗ."

ಶೇವಂತಿ ತಿರುಗಿ ಸೌಂದರ್ಯಾಳ ಅತ್ತೆ ಸಾವಿತ್ರೆವ್ವನ ಕಡೆ ನೋಡಿದಳು. ಸಾವಿತ್ರೆವ್ವ ಹಂಚಿನ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬರುತ್ತಿತ್ತು. ಅದನ್ನೂ ಅವಳು ಮಗುಚಲಿಲ್ಲ.

ರಬಕವಿಯಿಂದ ಹಿಪ್ಪರಗಿಗೆ ಹೋಗುವ ರಸ್ತೆಯ ಮೇಲಿನ ಊರು ಅದು. ಎತ್ತ ನೋಡಿದರೂ ಕಬ್ಬು. ಸಾವಿತ್ರೆವ್ವ ಊರ ನಡುವಿನ ದೊಡ್ಡ ಮನೆಯವಳು, ಅಂದಾನೆಪ್ಪನ ಹೆಂಡತಿ. ಶೇವಂತಿ ಕೇರಿಯವಳು. ವಿಠೋಬಾನನ್ನು ಮದುವೆಯಾಗಿ ಬಂದಾಗಿನಿಂದ ಅಂದಾನೆಪ್ಪನ ಹೊಲದಲ್ಲೇ ಕಸ ತೆಗೆದವಳು, ಕಬ್ಬಿನ ಒಣಗರಿ, ರವದಿ, ಸುಲಿದವಳು. ವಿಠೋಬಾ ಬನಹಟ್ಟಿಯಲ್ಲಿ ಮಂದಿಯ ಮಗ್ಗ ನಡೆಸುತ್ತಿದ್ದ. ಮಗ್ಗದ ಸದ್ದಿಗೆ ಅವನ ಕಿವಿ ಹೋಗಿದ್ದವು. ಈಗ ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ.

ಈ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ಕೂತದ್ದು ಹೊಳೆ ಬಂದ ವರ್ಷ. ಕೃಷ್ಣೆ ಊರ ಹೊಕ್ಕಾಗ ದೊಡ್ಡ ಮನೆಗೂ ನೀರು ಬಂತು, ಕೇರಿಗೂ ನೀರು ಬಂತು. ಎಲ್ಲರೂ ಎತ್ತರದ ಮೇಲಿನ ಸಾಲೆ ಸೇರಿದರು. ಹಸಿದ ಮಕ್ಕಳು ಅಳುತ್ತಿದ್ದವು. ಯಾರೋ ಟ್ರ್ಯಾಕ್ಟರಿನಲ್ಲಿ ಜೋಳದ ಹಿಟ್ಟು ತಂದು ಸುರಿದು ಹೋದರು. ಶೇವಂತಿ ಯಾರನ್ನೂ ಕೇಳಲಿಲ್ಲ. ಮೂರು ಕಲ್ಲಿಟ್ಟು ಒಲೆ ಹೂಡಿದಳು, ಹಿಟ್ಟು ನಾದಿದಳು. ಸಾವಿತ್ರೆವ್ವ ಬಂದು ಪಕ್ಕದಲ್ಲಿ ಕೂತಳು. ಒಂದು ಮುದ್ದೆ ಕೈಗೆ ತೆಗೆದುಕೊಂಡು ಬಡಿಯತೊಡಗಿದಳು. ಇವಳು ನಾದುವುದು, ಅವಳು ಬಡಿಯುವುದು. ಅವಳ ಕೈ ಸೋತಾಗ ಇವಳು ಬಡಿಯುವುದು. ನೀರು ಇಳಿಯುವ ತನಕ ಸಾಲೆಯಲ್ಲಿದ್ದವರೆಲ್ಲ ಆ ರೊಟ್ಟಿ ತಿಂದರು. ಯಾರ ಕೈಯ ರೊಟ್ಟಿ ಎಂದು ಯಾರೂ ಕೇಳಲಿಲ್ಲ.

"ನೀ ಇರಲಿಲ್ಲಂದ್ರ ಸಾಯ್ತಿದ್ವಿ ನೋಡ ಶೇವಂತಿ," ಅಂದಿದ್ದಳು ಸಾವಿತ್ರೆವ್ವ. ಆ ಮಾತನ್ನು ಶೇವಂತಿ ಬಹಳ ದಿನ ಎದೆಯಲ್ಲಿಟ್ಟುಕೊಂಡು ತಿರುಗಿದಳು.

ಹೊಳೆ ಇಳಿದ ಮೇಲೆ ಹೊಲದಲ್ಲಿ ಕೆಲಸವಿರಲಿಲ್ಲ. ಸಾವಿತ್ರೆವ್ವನೇ ಮಾತು ತೆಗೆದಳು. ಖಡಕ್ ರೊಟ್ಟಿ ಮಾಡಿ ಜಮಖಂಡಿ, ಮುಧೋಳದ ಖಾನಾವಳಿಗಳಿಗೆ ಕೊಡೋಣ ಅಂದಳು. ಅಂದಾನೆಪ್ಪನ ಹೊಲದಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಒಲೆಗಳು ಬಂದವು. ಊರ ಹೆಂಗಸರು ಸೇರಿ ಸಂಘವಾಯಿತು. ಶೇವಂತಿಯೂ ಅದರಲ್ಲಿದ್ದಳು. ಸುಟ್ಟ ರೊಟ್ಟಿಗಳು ಒಂದರ ಮೇಲೊಂದು ಕೂತು ಬುಟ್ಟಿ ತುಂಬಿ ಹೋಗುತ್ತಿದ್ದವು. ಮಧ್ಯಾಹ್ನ ಮಾತ್ರ ಅವಳು ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಕೂಡುತ್ತಿದ್ದಳು. ಯಾರೂ ಹೋಗು ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ.

ಸಾವಿತ್ರೆವ್ವನ ಮಗ ಯಲ್ಲಾಲಿಂಗನ ಮದುವೆಯಾಗಿ ಸೊಸೆ ಬಂದಳು. ಸೌಂದರ್ಯಾ. ಬೆಳಗಾವಿಯಲ್ಲಿ ಎಂಬಿಎ ಓದಿದವಳು. ಒಳ್ಳೆಯ ಹುಡುಗಿ. ಯಾರಿಗೂ ಒಂದು ಬಿರುಸು ಮಾತಾಡಿದವಳಲ್ಲ. ಅವಳೊಡನೆ ಶೆಡ್ಡಿಗೆ ಹೊಸ ಮಾತುಗಳು ಬಂದವು. ಸಂಘ ಹೋಗಿ ಟೀಮ್ ಆಯಿತು. ರೊಟ್ಟಿ ಪ್ರಾಡಕ್ಟ್ ಆಯಿತು. ಗಿರಾಕಿ ಕಸ್ಟಮರ್ ಆದ. ತಲೆಗೆ ಟೊಪ್ಪಿಗೆ, ಎದೆಗೆ ಏಪ್ರನ್ ಬಂದವು. ಮುಂಜಾನೆ ಕೆಲಸಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಂತು 'ಪಾಸಿಟಿವ್ ಎನರ್ಜಿ' ಎಂದು ಚಪ್ಪಾಳೆ ತಟ್ಟಬೇಕಾಯಿತು.

ಹೆಂಗಸರಿಗೆ ಮೊದಮೊದಲು ಮೋಜು ಎನಿಸಿತು. ಹೊಸ ಮಾತುಗಳನ್ನು ಬಾಯಲ್ಲಿಟ್ಟು ಪೆಪ್ಪರಮೆಂಟಿನಂತೆ ಚೀಪಿದರು.

"ನನ್ನ ನಡಾ ಇವತ್ತ ಔಟ್ ಆಫ್ ಸ್ಟಾಕ್ ಬೇ," ಎಂದು ಗುರುಬಸವ್ವ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು.

"ನನ್ನ ಗಂಡಂದು ಲೋ ಬ್ಯಾಟರಿ. ಉಂಡ ಅಂದ್ರ ಸ್ವಿಚಾಫ್," ಅನ್ನುತ್ತಿದ್ದಳು ಮತ್ತೊಬ್ಬಳು.

ಶೇವಂತಿಯೂ ಬಿದ್ದು ಬಿದ್ದು ನಗುತ್ತಿದ್ದಳು. ಮನೆಗೆ ಹೋಗಿ ವಿಠೋಬಾನಿಗೆ ಹೇಳುತ್ತಿದ್ದಳು. ಅವನು ಅವಳ ತುಟಿ ನೋಡಿ ನೋಡಿ ಸೋಲುತ್ತಿದ್ದ. ಆ ಮಾತುಗಳು ಅವನಿಗೆ ತುಟಿಯ ಮೇಲೆ ಸಿಗುತ್ತಿರಲಿಲ್ಲ.

ಬ್ಯಾಕೆಂಡಿಗೆ ಹೋದ ಮೇಲೆ ಶೇವಂತಿಯ ನಗು ನಿಂತಿತು.

ಚೀಲ ಹೊರಬೇಕು. ಜೋಳ ಹಸನು ಮಾಡಬೇಕು. ಹಸನು ಮಾಡಿದ್ದನ್ನು ತಲೆಯ ಮೇಲೆ ಹೊತ್ತು ಗಿರಣಿಗೆ ಒಯ್ಯಬೇಕು. ಗಿರಣಿಯಿಂದ ಹಿಟ್ಟು ಹೊತ್ತು ತಂದು ಹಿಂಬಾಗಿಲ ಹೊಸ್ತಿಲಿನ ಹೊರಗೆ ಇಳಿಸಬೇಕು. ಅಲ್ಲಿಂದ ಗುರುಬಸವ್ವ ಒಳಗೆ ಎಳೆದುಕೊಳ್ಳುತ್ತಾಳೆ. ಕಟಗಿ ಮುರಿದು ಕಿಂಡಿಯಿಂದ ಕೊಡಬೇಕು. ಒಲೆ ಆರಿದ ಮೇಲೆ ಬೂದಿ ತೆಗೆಯಬೇಕು. ಹತ್ತಿಕಟಗಿ ಅಂಗೈಗೆ ಚುಚ್ಚಿ ಬಾವು ಬಂತು. ಬೂದಿ ಮೂಗಿಗೆ ಹೋಗಿ ಮುಂಜಾನೆ ಕೆಮ್ಮಿದರೆ ಕರಿ ಕಫ ಬೀಳುತ್ತಿತ್ತು. ಕುತ್ತಿಗೆಯ ನರ ಸೆಟೆದು ಮಗ್ಗುಲಾಗಲು ಬರದಂತಾಯಿತು. ದುಡಿಮೆಗೆ ಅವಳು ಹೆದರಿದವಳಲ್ಲ. ಅವಳನ್ನು ತಿಂದದ್ದು ಬೇರೆ.

ಒಂದು ದಿನ ಹಂಚಿನ ಪಕ್ಕದ ನೀರಿನ ಕೊಡ ಖಾಲಿಯಾಗಿತ್ತು. ಶೇವಂತಿ ಎತ್ತಿಕೊಂಡು ನಳಕ್ಕೆ ಹೋಗಲು ಕೈ ಚಾಚಿದಳು. ಮೂವರು ಒಮ್ಮೆಗೇ ಎದ್ದರು.

"ಇರ್ಲಿ ಇರ್ಲಿ. ಅದು ನಿನ್ನ ಡಿಪಾರ್ಟ್‌ಮೆಂಟ್ ಅಲ್ಲ," ಅಂದಳು ಗುರುಬಸವ್ವ.

ಶೇವಂತಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಆಗ ಅವಳಿಗೆ ಹೊಳೆಯಿತು. ಒಣ ಜೋಳ ಮುಟ್ಟಬಹುದು. ಒಣ ಹಿಟ್ಟು ಹೊರಬಹುದು. ಕಟಗಿ, ಬೂದಿ, ಕಸ ಎಲ್ಲ ಮುಟ್ಟಬಹುದು. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ಮುಟ್ಟುವ ಹಾಗಿಲ್ಲ. ಬ್ಯಾಕೆಂಡ್ ಎಲ್ಲಿ ಮುಗಿಯುತ್ತದೆಂದು ಸೌಂದರ್ಯಾ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಗೆರೆ ಎಲ್ಲಿದೆಯೆಂದು ಶೇವಂತಿ ನಡೆಯಲು ಕಲಿತಾಗಲೇ ಕಲಿತಿದ್ದಳು. ಅವಳ ಅವ್ವ ಕಲಿತಿದ್ದಳು. ಅವ್ವನ ಅವ್ವ ಕಲಿತಿದ್ದಳು.

ಅವತ್ತು ಬೂದಿ ತೆಗೆಯಲು ಒಳಗೆ ಬಂದಾಗ ಗುರುಬಸವ್ವನನ್ನು ಮೂಲೆಗೆ ಕರೆದು, ತನ್ನನ್ನು ಯಾಕೆ ಹಿಂದಕ್ಕೆ ಹಾಕಿದರೆಂದು ಕೇಳಿದಳು. ಗುರುಬಸವ್ವ ಆಚೀಚೆ ನೋಡಿದಳು.

"ಮುಧೋಳದ್ದೊಂದು ಮದುವಿ ಆರ್ಡರ್ ಬಂದಿತ್ತಲ್ಲ. ಅವರು ಯಾರ್ ಯಾರ್ ಮಾಡ್ತೀರಿ ಅಂತ ಕೇಳಿದ್ರಂತ. ಅದೇನೋ ಕಸ್ಟಮರ್ ಫೀಡ್‌ಬ್ಯಾಕ್ ಅಂತ ಬೇ. ನನಗೇನ ಗೊತ್ತ?"

ಮಗಳು ರಂಜನಾ ಜಮಖಂಡಿಯಲ್ಲಿ ಬಿಕಾಂ ಓದುತ್ತಿದ್ದಳು. ಅಲ್ಲೇ ಗೆಳತಿಯರ ಜೊತೆ ಒಂದು ಖೋಲಿ ಹಿಡಿದಿದ್ದಳು. ರವಿವಾರ ಊರಿಗೆ ಬಂದವಳು ಅವ್ವನ ಅಂಗೈಯ ಮುಳ್ಳು ತೆಗೆಯಲು ಸೂಜಿ ಹಿಡಿದು ಕೂತಳು.

"ರಂಜಿ, ಬ್ಯಾಕೆಂಡ್ ಅಂದ್ರ ಏನಬೇ?"

"ಕಂಪ್ಯೂಟರಿಂದು ಯವ್ವಾ ಅದು. ಮುಂದ ಕಾಣೂದು ಫ್ರಂಟೆಂಡ್. ಹಿಂದ ಕೆಲಸಾ ಮಾಡೂದು ಬ್ಯಾಕೆಂಡ್. ಅದು ಯಾರಿಗೂ ಕಾಣೂದಿಲ್ಲ. ಯಾಕ?"

ಶೇವಂತಿ ಹೇಳಿದಳು. ಗಿರಣಿ, ಹೊಸ್ತಿಲು, ಕೊಡ, ಎಲ್ಲ. ರಂಜನಾಳ ಕೈಯಲ್ಲಿನ ಸೂಜಿ ನಿಂತಿತು. ಆಮೇಲೆ ತಾನೂ ಒಂದು ಮಾತು ಹೇಳಿದಳು.

"ನಾ ಆ ಖೋಲಿ ಬಿಟ್ಟೇನಿ ಯವ್ವಾ. ಈಗ ಬ್ಯಾರೆ ಕಡೆ ಅದೇನಿ."

"ಯಾಕ? ಗೆಳತ್ಯಾರು ಛಲೋ ಇದ್ರಲ್ಲ?"

"ಛಲೋನ ಇದ್ರು. ನಾನು ಯಾರಂತ ಗೊತ್ತಾತು. ಗೊತ್ತಾದ ಮ್ಯಾಲೂ ಯಾರೂ ಏನೂ ಅನ್ಲಿಲ್ಲ. ಒಂದಿನ ಕೂಡಿಸ್ಕೊಂಡು ಹೇಳಿದ್ರು, ರಂಜನಾ, ನಮಗ ಪರ್ಸನಲ್ ಸ್ಪೇಸ್ ಬೇಕಾಗೇತಿ, ವೈಬ್ ಮ್ಯಾಚ್ ಆಗವಲ್ದು ಅಂತ. ಹೇಳಿ ನನ್ನ ಅಪ್ಕೊಂಡ್ರು ಯವ್ವಾ. ಅಪ್ಕೊಂಡು ಅತ್ರು. ನಾನ ಸಮಾಧಾನಾ ಮಾಡ್ದೆ."

ಶೇವಂತಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ವೈಬ್ ಅಂದರೆ ಏನು ಎಂದು ಕೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಬೆಂಗಳೂರಿನಿಂದ ಕಾರಿನಲ್ಲಿ ಒಂದು ತಂಡ ಬಂತು. ಹಳ್ಳಿಯ ಹೆಂಗಸರ ಉದ್ಯೋಗಗಳಿಗೆ ದುಡ್ಡು ಹಾಕುವವರಂತೆ. ಕ್ಯಾಮೆರಾ ಇತ್ತು. ಖಾದಿ ಸೀರೆಯ ಒಬ್ಬ ಮೇಡಂ ಇದ್ದರು. ಅವರು ಶೆಡ್ಡಿನೊಳಗೆಲ್ಲ ತಿರುಗಾಡಿ, "ನಿಮ್ಮ ಟೀಮ್ ಇನ್‌ಕ್ಲೂಸಿವ್ ಆಗಿದೆಯಾ?" ಎಂದು ಕೇಳಿದರು.

"ಹಂಡ್ರೆಡ್ ಪರ್ಸೆಂಟ್ ಮೇಡಂ," ಅಂದಳು ಸೌಂದರ್ಯಾ. ಹಿಂಬಾಗಿಲಿಗೆ ಓಡಿ ಬಂದಳು. "ಆಂಟಿ, ಲಗೂನ ಬರ್ರಿ. ಕೈಕಾಲು ತೊಳಕೊಳ್ರಿ. ಹೊಸಾ ಏಪ್ರನ್ ಹಾಕೊಳ್ರಿ. ನೀವ ನಮ್ಮ ಸ್ಟೋರಿ."

ಶೇವಂತಿಯನ್ನು ನಡುವಿನ ಒಲೆಯ ಮುಂದೆ ಕೂಡಿಸಿದರು. ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ ಅವಳ ಮುಂದೆ ಬಂತು. ಅವಳು ಎಸರು ಹೊಯ್ದಳು. ಹಿಟ್ಟು ಸುಡುತ್ತಿತ್ತು. ಬೆರಳು ಇಟ್ಟಳು. ತಿಂಗಳುಗಟ್ಟಲೆ ಚೀಲ ಹೊತ್ತು ಮರಗಟ್ಟಿದ ಕೈ ಆ ಬಿಸಿಗೆ ಸಡಿಲಾಯಿತು. ನಾದಿದಳು. ಮುದ್ದೆ ಮಾಡಿ ಬಡಿದಳು. ಟಪ್ ಟಪ್ ಟಪ್. ರೊಟ್ಟಿ ಅಂಗೈಯ ಕೆಳಗೆ ತಿರುಗುತ್ತ ಅಗಲವಾಯಿತು. ಎತ್ತಿ ಹಂಚಿಗೆ ಹಾಕಿ ಮೇಲೆ ನೀರು ಹಚ್ಚಿದಳು. ಕ್ಯಾಮೆರಾ ಇರುವುದೇ ಅವಳಿಗೆ ಮರೆತುಹೋಯಿತು. ಒಂದಾದ ಮೇಲೊಂದು ಬಡಿದಳು. ಬೆವರು ಹಣೆಯಿಂದ ಕಣ್ಣಿಗಿಳಿಯಿತು. ಅದು ಬರೀ ಬೆವರಾಗಿರಲಿಲ್ಲ.

ಬೆಂಗಳೂರಿನ ಮೇಡಂ ಒಂದು ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. "ಎಷ್ಟು ಆಥೆಂಟಿಕ್!" ಅಂದರು. ಶೇವಂತಿಯ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಪೊಟ್ಟಣದ ಮೇಲೆ ಇದೇ ಮುಖ ಬರಲಿ ಅಂದರು. ಸೌಂದರ್ಯಾ ತಲೆ ಆಡಿಸಿದಳು. ಗುರುಬಸವ್ವ ಬಡಿದ ರೊಟ್ಟಿಗಳ ಜೊತೆ ನಿಂತ ಸಾವಿತ್ರೆವ್ವನದೂ ಒಂದು ಫೋಟೋ ಆಯಿತು. ಕಾರು ಹೋಯಿತು.

ಶೇವಂತಿ ಹಿಂದೆ ಹೋಗಿ ಕಟಗಿ ಮುರಿಯತೊಡಗಿದಳು. ಅವಳ ಮೈ ಹಗುರಾಗಿತ್ತು. ನಾಳೆಯಿಂದ ಮತ್ತೆ ಒಳಗೆ ಕೂಡಿಸುತ್ತಾರೆ ಅನ್ನಿಸಿತು. ಇಷ್ಟೆಲ್ಲ ಆದ ಮೇಲೆ ಕೂಡಿಸದೇ ಇರಲು ಹೇಗೆ ಬರುತ್ತದೆ?

ಸಂಜೆ ಬೂದಿಯ ಬುಟ್ಟಿ ಹೊತ್ತು ಎಮ್ಮೆ ಕಟ್ಟಿದ ಕಡೆ ಹೋದಳು. ಎಮ್ಮೆ ಗ್ವಾದಲಿಗೆ ಬಾಯಿ ಹಾಕಿ ಮೇಯುತ್ತಿತ್ತು. ಮೇವಿನ ಮೇಲೆ ರೊಟ್ಟಿಗಳು ಬಿದ್ದಿದ್ದವು. ಒಂದರ ಮೇಲೊಂದು. ತೆಳುವಾದ, ಅಂಚು ಮುರಿಯದ ರೊಟ್ಟಿಗಳು. ತನ್ನ ಕೈ ತನಗೆ ಗುರುತಾಗದೇ ಇರುತ್ತದೆಯೇ?

ಅವಳು ಬುಟ್ಟಿ ಇಳಿಸಿ ಶೆಡ್ಡಿನ ಮುಂಬಾಗಿಲಿಗೆ ಹೋದಳು. ಒಳಗೆ ಗುರುಬಸವ್ವ ಮೊಣಕಾಲೂರಿ ಕೊಣಮಿಗೆಯನ್ನು ತಿಕ್ಕುತ್ತಿದ್ದಳು. ಹಂಚು ಬೋರಲಾಗಿತ್ತು. ಸಾವಿತ್ರೆವ್ವ ಒಂದು ತಂಬಿಗೆ ಹಿಡಿದು, ಬೇವಿನ ಸೊಪ್ಪಿನಿಂದ ಏನನ್ನೋ ಚಿಮುಕಿಸುತ್ತಿದ್ದಳು. ಶೇವಂತಿ ಕೂತಿದ್ದ ಮಣೆಯ ಮೇಲೆ. ಒಲೆಯ ಮೇಲೆ. ಗೋಡೆಯ ಮೇಲೆ. ಆಕಳ ಗಂಜಳದ ವಾಸನೆ ಬಾಗಿಲ ತನಕ ಬಂತು.

"ಅಕ್ಕಾರ, ಏನ ಮಾಡಾಕತ್ತೀರಿ?"

ಸಾವಿತ್ರೆವ್ವನ ಕೈ ನಿಂತಿತು. ತಂಬಿಗೆಯನ್ನು ಸೆರಗಿನ ಮರೆಗೆ ಸರಿಸಿದಳು.

"ಸ್ಯಾನಿಟೈಜ್ ಬೇ," ಅಂದಳು. "ಸ್ಯಾನಿಟೈಜ್ ಮಾಡಾಕತ್ತೇನಿ."

"ಗ್ವಾದಲ್ಯಾಗ ನಾ ಬಡದ ರೊಟ್ಟಿ ಅದಾವಲ್ರಿ?"

ಸೌಂದರ್ಯಾ ಮೊಬೈಲು ಕೆಳಗಿಟ್ಟು ಮುಂದೆ ಬಂದಳು. ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ ಹೇಳಿದಳು. "ಅವು ಡೆಮೋ ಪೀಸ್ ಆಂಟಿ. ಶೂಟಿಂಗಿಗೆ ಮಾಡಿದ್ದನ್ನ ಮಾರಾಕ ಬರೂದಿಲ್ಲ. ಪ್ರೋಟೋಕಾಲ್ ಇರ್ತೈತಿ."

"ಗುರುಬಸವ್ವ ಬಡದದ್ದೂ ಶೂಟಿಂಗಿಗೇ ಅಲ್ರಿ? ಅವು ಪೆಟಿಗ್ಯಾಗ ಕುಂತಾವಲ್ಲ?"

ಸೌಂದರ್ಯಾ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಪರ್ಸನಲ್ ಆಗಿ ತಗೋಬ್ಯಾಡ್ರಿ ಆಂಟಿ. ಇದು ಮಾರ್ಕೆಟ್ ಸೆಂಟಿಮೆಂಟ್. ನಾವೆಲ್ಲ ಒಂದ ಫ್ಯಾಮಿಲಿ ಅಲ್ಲೇನು?"

ಶೇವಂತಿ ಅವಳ ಕಡೆ ನೋಡಲೇ ಇಲ್ಲ. ಸಾವಿತ್ರೆವ್ವನ ಎದುರಿಗೆ ಹೋಗಿ ನಿಂತಳು. ಬೂದಿ ಮೆತ್ತಿದ ಕಾಲಿನ ಗುರುತುಗಳು ತೊಳೆದ ನೆಲದ ಮೇಲೆ ಮೂಡಿದವು.

"ಅಕ್ಕಾರ, ನಿಮ್ಮ ಅತ್ತಿಯವರು ಇದ್ದಾಗ ನಾ ನೀರ ಕೇಳಿದ್ರ ಮ್ಯಾಲಿಂದ ಹೊಯ್ತಿದ್ರು. ಹೊಯ್ಯಾಕಾರ ಒಂದ ಮಾತ ಅಂತಿದ್ರು. ಆ ಮಾತ ಕೇಳಿದ್ರ ಮೈಯೆಲ್ಲ ಉರೀತಿತ್ತು. ಆದ್ರ ನನಗ ತಿಳೀತಿತ್ತು. ಇವರು ನನಗ ಏನ ಮಾಡಾಕತ್ತಾರ ಅಂತ ತಿಳೀತಿತ್ತು. ಮನಿಗೆ ಹೋಗಿ ಬೈತಿದ್ದೆ. ಮಣ್ಣ ತೂರತಿದ್ದೆ. ಒಂದಿನ ಎದುರಿಗೇ ನಿಂತು ಜಗಳಾ ಮಾಡಿದೆ, ನಿಮಗೂ ಗೊತ್ತೈತಿ. ಈಗ ನೀವು ಬ್ಯಾಕೆಂಡ್ ಅಂತೀರಿ. ಡೆಮೋ ಅಂತೀರಿ. ಇದರ ಕೂಡ ನಾ ಹೆಂಗ ಜಗಳಾ ಮಾಡ್ಲಿ? ಯಾರನ್ನ ಬೈಲಿ?"

"ಹಂಗಲ್ಲ ಶೇವಂತಿ..."

"ಹಂಗಂದ್ರ ಹೆಂಗ? ಆ ಹಳೇ ಮಾತ ಹೇಳ್ರಿ. ನಿಮ್ಮ ಬಾಯಿಲೆ ಹೇಳ್ರಿ. ಕೇಳಿ ಹೋಗ್ತೇನಿ."

ಸಾವಿತ್ರೆವ್ವ ಸೆರಗು ಬಾಯಿಗೆ ಹಿಡಿದಳು. ತಂಬಿಗೆಯಲ್ಲಿನ ಗಂಜಳ ತುಳುಕಿತು. ಅಳುತ್ತಿದ್ದಳು.

ಶೇವಂತಿ ಟೊಪ್ಪಿಗೆ ತೆಗೆದಳು. ಏಪ್ರನ್ ಬಿಚ್ಚಿದಳು. ಎರಡನ್ನೂ ಮಣೆಯ ಮೇಲಿಟ್ಟಳು.

"ನಾ ಮತ್ತ ಬರೂದಿಲ್ಲ. ನಿಮ್ಮ ಹಿಂದೂ ಬ್ಯಾಡ, ಮುಂದೂ ಬ್ಯಾಡ. ಆ ಪೊಟ್ಟಣದ ಮ್ಯಾಲೆ ನನ್ನ ಮಾರಿ ಬರಬಾರದು. ಮುಟ್ಟಾಕ ಬರದ ರೊಟ್ಟಿಗೆ ನನ್ನ ಮಾರಿ ಯಾಕ?"

ಗ್ವಾದಲಿಗೆ ಹೋದಳು. ಎಮ್ಮೆಯ ಮೂತಿ ಸರಿಸಿದಳು. ಎಮ್ಮೆ ಮುಟ್ಟದ ರೊಟ್ಟಿಗಳನ್ನು ಆರಿಸಿ, ಹೊಟ್ಟು ಜಾಡಿಸಿ, ಸೆರಗಿನಲ್ಲಿ ಕಟ್ಟಿಕೊಂಡಳು. ಎಲ್ಲರೂ ನೋಡುತ್ತಿದ್ದರು.

ಮನೆಯಲ್ಲಿ ವಿಠೋಬಾ ಮಗ್ಗದಿಂದ ಬಂದು ಉಣ್ಣಲು ಕೂತಿದ್ದ. ಅವಳು ಆ ರೊಟ್ಟಿಯನ್ನೇ ಅವನ ತಾಟಿಗೆ ಹಾಕಿದಳು. ಅವನು ಮುರಿದು, ಖಾರದ ಹಿಂಡಿ ಹಚ್ಚಿಕೊಂಡು ತಿಂದ. ಇನ್ನೊಂದು ಕೇಳಿದ.

"ಭಾಳ ದಿವಸಾತು. ನಿನ್ನ ಕೈರೊಟ್ಟಿ ಛಲೋ ಆಗ್ಯಾವು," ಅಂದ.

ಅವಳು ಏನೋ ಹೇಳಿದಳು. ಬಾಯಿಗೆ ಸೆರಗು ಅಡ್ಡ ಇತ್ತು. ಅವನಿಗೆ ತುಟಿ ಕಾಣಲಿಲ್ಲ.

ರಂಜನಾ ಸುದ್ದಿ ಕೇಳಿ ಓಡಿ ಬಂದಳು. ಅವ್ವನನ್ನು ಕರೆದುಕೊಂಡು ಠಾಣೆಗೆ ಹೋದಳು. ಹವಾಲ್ದಾರ ಕೆಟ್ಟವನಲ್ಲ. ಬೆಂಚಿನ ಮೇಲೆ ಕೂಡಿಸಿದ, ಪೂರಾ ಕೇಳಿದ. ಕೇಳಿದ ಮೇಲೆ ಪೆನ್ನು ಕೈಯಲ್ಲೇ ಹಿಡಿದು ಕೂತ.

"ಜಾತಿ ಎತ್ತಿ ಬೈದ್ರೇನು?"

"ಇಲ್ರಿ."

"ಹೊಡದ್ರೇನು?"

"ಇಲ್ರಿ."

"ಒಳಗ ಬರಬ್ಯಾಡ ಅಂದ್ರೇನು?"

"ಇಲ್ರಿ ಸಾಹೇಬರ. ಬ್ಯಾಕೆಂಡ್ ನೋಡ್ಕೋ ಅಂದ್ರು."

ಪಕ್ಕದ ಮೇಜಿನ ಪೇದೆ ನಕ್ಕುಬಿಟ್ಟ. ಹವಾಲ್ದಾರ ಅವನ ಕಡೆ ಕಣ್ಣು ಬಿಟ್ಟು, ತಾನೂ ನಗು ತಡೆದುಕೊಂಡ.

"ನೋಡವಾ, ಹೊಟ್ಟ್ಯಾಗಿನ ಸಂಕಟ ನನಗ ತಿಳೀತೈತಿ. ಆದ್ರ ನಾ ಏನಂತ ಬರೀಲಿ? ಡೆಮೋ ಪೀಸ್ ಅಂದ್ರು ಅಂತ ಬರೀಲೇನು? ಮ್ಯಾಲಿನವರು ನನಗ ಬೈತಾರ. ಅವರು ಏನಂದ್ರು ಅನ್ನೂ ಮಾತು ಬೇಕು. ಇಲ್ಲಾ, ಕಂಡವರು ಯಾರರೆ ಬಂದು ಇದು ಜಾತಿ ಸಲವಾಗೇ ಮಾಡಿದ್ರು ಅಂತ ಹೇಳಬೇಕು."

"ಕಾಯ್ದೆದಾಗ ಬರೀ ಬೈದ್ರ ಅಷ್ಟ ಅಂತ ಇಲ್ರಿ," ಎಂದು ರಂಜನಾ ದನಿ ಏರಿಸಿದಳು.

"ತಂಗಿ, ಕಾಯ್ದೆ ನನಗ ಹೇಳಬ್ಯಾಡ. ಸಾಕ್ಷಿ ಕರಕೊಂಡ ಬಾ. ಬರಕೋತೇನಿ."

ಶೇವಂತಿ ಗುರುಬಸವ್ವನ ಮನೆಗೆ ಹೋದಳು. ಗುರುಬಸವ್ವನೂ ಬಡವಿಯೇ. ಗಂಡ ಇಲ್ಲ, ಮೈತುಂಬ ಸಾಲ. ಅಂಗಳದ ಆಚೆ ನಿಂತೇ ಶೇವಂತಿ ಕೇಳಿದಳು. ಗುರುಬಸವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನನ್ನ ಇದರಾಗ ತರಬ್ಯಾಡವಾ. ನಾ ಆ ಕಡಿಗೂ ಇಲ್ಲ, ಈ ಕಡಿಗೂ ಇಲ್ಲ. ನಾ ನ್ಯೂಟ್ರಲ್ ಅದೇನಿ."

"ನೀನ ತಿಕ್ಕಿದಿ ಗುರುಬಸವ್ವ. ನಿನ್ನ ಕೈಯಿಲೆ ತಿಕ್ಕಿದಿ. ಹೊಳಿ ಬಂದಾಗ ನನ್ನ ಕೈರೊಟ್ಟಿ ತಿಂದಿದ್ದಿ. ಸಾವಿತ್ರಕ್ಕ ತಿಂದಿದ್ರು. ಅವಾಗ ಇರಲಾರದ್ದು ಈಗ ಯಾಕ ಬಂತು?"

ಗುರುಬಸವ್ವ ಹೇಳಬಾರದೆಂದು ತುಟಿ ಕಚ್ಚಿದಳು. ಆದರೂ ಹೇಳಿದಳು.

"ಅವಾಗೂ ಇತ್ತು. ನೀ ಆ ಮಾತ ಎದ್ಯಾಗ ಹೊತ್ಕೊಂಡು ತಿರಗಬ್ಯಾಡ. ನೀರಿಳದು ಮನಿಗೆ ಹೋದ ದಿನ ಸಾವಿತ್ರೆವ್ವ ತಲಿಮ್ಯಾಲೆ ನೀರ ಹಾಕ್ಕೊಂಡ್ಲು. ಗಂಜಳಾ ಕುಡದ್ಲು. ನಾವೆಲ್ಲಾರೂ ಹಾಕ್ಕೊಂಡ್ವಿ."

ಶೇವಂತಿ ಅಂಗಳದ ಆಚೆಯೇ ಕೂತಳು. ಗುರುಬಸವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಹೊಳೆ ಶೇವಂತಿಯ ಮನೆ ಒಯ್ದಿತ್ತು. ಎರಡು ಆಡು ಒಯ್ದಿತ್ತು. ಮದುವೆಯ ಟ್ರಂಕು ಒಯ್ದಿತ್ತು. ಅದೊಂದು ಮಾತು ಉಳಿದಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು.

ಬೆಂಗಳೂರಿನವರು ತೆಗೆದ ವಿಡಿಯೋ ಮೊಬೈಲುಗಳಲ್ಲಿ ಓಡಾಡಿತು. ಜಮಖಂಡಿಯಲ್ಲಿ ರಂಜನಾಳ ಹಳೆಯ ಗೆಳತಿಯರು ಅವಳನ್ನು ನಿಲ್ಲಿಸಿ, ನಿಮ್ಮವ್ವ ನಮಗೆ ಇನ್‌ಸ್ಪಿರೇಷನ್ ಅಂದರು. ಪೊಟ್ಟಣದ ಮೇಲೆ ಶೇವಂತಿಯ ಮುಖ ಬಂತು. ತೆಗೆಯಿರಿ ಎಂದು ರಂಜನಾ ಫೋನು ಮಾಡಿದರೆ, ನೆಕ್ಸ್ಟ್ ಬ್ಯಾಚಿನಲ್ಲಿ ನೋಡೋಣ ಅಂದಳು ಸೌಂದರ್ಯಾ.

ಶೇವಂತಿ ಕಬ್ಬಿಗೆ ಮರಳಿದಳು. ಅಂದಾನೆಪ್ಪನ ಹೊಲಕ್ಕಲ್ಲ. ಹಿಪ್ಪರಗಿ ಕಡೆಯ ಗಿರಮಲ್ಲಪ್ಪನ ಹೊಲಕ್ಕೆ. ನಸುಕಿಗೆ ಎದ್ದು ನಡೆಯಬೇಕು. ಆಳೆತ್ತರದ ಕಬ್ಬಿನೊಳಗೆ ಗಾಳಿ ಆಡುವುದಿಲ್ಲ. ರವದಿ ಸುಲಿಯುವಾಗ ಗರಿಯ ಅಂಚು ಮುಖ ಕೊಯ್ಯುತ್ತದೆ, ಮೊಣಕೈ ಕೊಯ್ಯುತ್ತದೆ. ಬೆವರು ಆ ಗೀರಿಗೆ ಇಳಿದು ಉರಿಯುತ್ತದೆ. ಸಾಲಿನ ಆಚೆಯಿಂದ ಗಿರಮಲ್ಲಪ್ಪ ಏ ಹೆಣ್ಣಾಳ, ಲಗೂ ಲಗೂ ಎಂದು ಒದರುತ್ತಾನೆ.

ಒಂದು ಮಧ್ಯಾಹ್ನ ಬದುವಿನ ಮೇಲೆ ಸಾವಿತ್ರೆವ್ವ ಬಂದು ನಿಂತಳು. ಅಷ್ಟು ದೂರ ಬಿಸಿಲಲ್ಲಿ ಒಬ್ಬಳೇ ನಡೆದು ಬಂದಿದ್ದಳು. ಶೇವಂತಿ ನೋಡಿದಳು. ರವದಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಶೇವಂತಿ, ಸೌಂದರ್ಯಾ ಹೇಳಿ ಕಳಿಸ್ಯಾಳ. ಏನೋ ಮಿಸ್‌ಕಮ್ಯುನಿಕೇಶನ್ ಆಗೇತಿ ಅಂತ. ಮತ್ತ ಬಾ ಅಂತ. ಬೆಂಗಳೂರ ಮೇಡಂ ನಿನ್ನ ಕೇಳಾಕತ್ತಾರಂತ."

ಶೇವಂತಿ ಇನ್ನೊಂದು ಗರಿ ಹರಿದಳು.

"ಏನರೆ ಮಾತಾಡ ಬೇ. ನನಗ ರಾತ್ರಿ ನಿದ್ದಿ ಹತ್ತವಲ್ದು."

"ನಾನೂ ಒಂದ ಮಾತ ಕೇಳಿದ್ದೆ ಅಕ್ಕಾರ. ನೀವು ಇನ್ನೂ ಹೇಳಿಲ್ಲ."

ಸಾವಿತ್ರೆವ್ವ ಬದುವಿನ ಮೇಲೆ ಕುಸಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ತನ್ನ ಅಂಗೈ ತಾನೇ ನೋಡುತ್ತ ಹೇಳಿದಳು. ದನಿ ಸಣ್ಣದಾಗಿತ್ತು. ಆದರೆ ಒಂದಕ್ಷರವೂ ಮಸುಕಾಗಿರಲಿಲ್ಲ.

"ನೀ ಹೊಲಗೇರ್ಯಾಕಿ ಅಂತ. ಅಷ್ಟ. ಮತ್ತೇನಿಲ್ಲ. ನಿನ್ನ ಕೈಯಾಗಿಂದು ತಿನ್ನೂದಿಲ್ಲ ಅಂದ್ರು ಮುಧೋಳದವರು. ನಾನೂ ಹೂಂ ಅಂದೆ. ಅವರ ಸಲವಾಗಿ ಅಷ್ಟ ಅಲ್ಲ. ನನಗೂ ಒಳಗ ಅದ ಐತಿ ಶೇವಂತಿ. ಸಣ್ಣಾಕಿದ್ದಾಗಿಂದ ಐತಿ. ತೊಳದ್ರ ಹೋಗವಲ್ದು."

ಶೇವಂತಿಯ ಕೈ ನಿಂತಿತು. ಆ ಮಾತು ಅವಳ ಎದೆಗೆ ಬಂದು ಹೊಕ್ಕಿತು. ನೋವಾಯಿತು. ಮೊದಲು ಆಗುತ್ತಿದ್ದಷ್ಟೇ ನೋವಾಯಿತು. ಕಣ್ಣಲ್ಲಿ ನೀರು ತುಂಬಿತು. ಗರಿಯ ಗೀರುಗಳ ಮೇಲೆ ಇಳಿದು ಉರಿಯಿತು. ಎಷ್ಟೋ ತಿಂಗಳ ಮೇಲೆ ಯಾರೋ ತನ್ನೊಡನೆ ಮಾತಾಡಿದರು ಅನ್ನಿಸಿತು ಅವಳಿಗೆ.

ಅವಳು ಕಬ್ಬಿನ ಸಾಲಿನಿಂದ ಹೊರಗೆ ಬಂದಳು. ಸಾವಿತ್ರೆವ್ವನ ಎದುರಿಗೆ ನಿಂತಳು.

"ತಿಳೀತ್ರಿ ಅಕ್ಕಾರ. ಈಗ ಪೂರಾ ತಿಳೀತು. ಏಳ್ರಿ. ಠಾಣೇಕ ಹೋಗೂಣು. ಇದನ್ನ ಅಲ್ಲಿ ಬಂದು ಹೇಳ್ರಿ. ಹಿಂಗ, ಇದ ಮಾತಿಲೆ."

ಸಾವಿತ್ರೆವ್ವ ತಲೆ ಎತ್ತಿ ನೋಡಿದಳು. ನೆಲಕ್ಕೆ ಕೈ ಊರಿ ಎದ್ದಳು. ಸೀರೆಗೆ ಅಂಟಿದ ಮಣ್ಣು ಕೊಡವಿದಳು, ಒಂದು ಕಣವೂ ಉಳಿಯದ ಹಾಗೆ ಕೊಡವಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಠಾಣೆಯ ದಾರಿ ಬಿಟ್ಟು ಊರ ಕಡೆಯ ಬದು ಹಿಡಿದಳು.

ಶೇವಂತಿ ಅವಳು ಮರೆಯಾಗುವ ತನಕ ನಿಂತಿದ್ದಳು. ಕರೆಯಲಿಲ್ಲ.

"ಏ ಹೆಣ್ಣಾಳ!" ಎಂದು ಗಿರಮಲ್ಲಪ್ಪ ಒದರಿದ.

"ನಂಗೊಂದ ಹೆಸರೈತ್ರಿ," ಅಂದಳು ಅವಳು, ಗಟ್ಟಿಯಾಗಿ. "ಶೇವಂತಿ ಅನ್ರಿ."

ಅವಳು ಕಣ್ಣು ಒರೆಸಿಕೊಂಡು, ಬಾಗಿ, ಕಬ್ಬಿನೊಳಗೆ ಹೊಕ್ಕಳು.